ಎದೆ ಮೇಲೆ ಬಂದು ಕೂತಿದ್ದು ಯಾರು?

1981ರ ಡಿಸೆಂಬರ್ 4. ಅಮೆರಿಕದ ಸಿಡಿಸಿ, ಅಂದ್ರೆ ಕೊರೊನಾ ಕಾಲದಲ್ಲಿ ನಾವು ದಿನಕ್ಕೆ ಹತ್ತು ಸಲ ಹೆಸರು ಹೇಳ್ತಿದ್ವಲ್ಲ, ಅದೇ ರೋಗ ನಿಯಂತ್ರಣ ಕೇಂದ್ರ, ತನ್ನ ವಾರದ ಬುಲೆಟಿನ್‌ನಲ್ಲಿ ಒಂದು ವಿಚಿತ್ರ ವರದಿ ಪ್ರಕಟಿಸಿತು. ಆರು ತಿಂಗಳ ಹಿಂದೆ, ಜೂನ್‌ನಲ್ಲಿ, ಇದೇ ಬುಲೆಟಿನ್ ಮುಂದೆ ಏಡ್ಸ್ ಅಂತ ಹೆಸರಾದ ಕಾಯಿಲೆಯ ಮೊದಲ ಸುದ್ದಿ ಕೊಟ್ಟಿತ್ತು. ಅದು ಜಗತ್ತಿಗೆಲ್ಲ ಗೊತ್ತಾಯಿತು. ಡಿಸೆಂಬರ್‌ನ ಸುದ್ದಿ ಗೊತ್ತಾಗಿದ್ದು ಕೆಲವರಿಗೆ ಮಾತ್ರ.

ಏನಿತ್ತು ಅದರಲ್ಲಿ? ಆಗ್ನೇಯ ಏಷ್ಯಾದಿಂದ ಬಂದು ಅಮೆರಿಕದಲ್ಲಿ ನೆಲೆ ನಿಂತ ನಿರಾಶ್ರಿತರು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳ್ತಿಲ್ಲ. ಸತ್ತವರು ಮುದುಕರಲ್ಲ, ರೋಗಿಗಳಲ್ಲ. ಗಟ್ಟಿಮುಟ್ಟಾದ ಗಂಡಸರು. ಪಕ್ಕದಲ್ಲಿ ಮಲಗಿದ ಹೆಂಡತಿಗೆ ನಡುರಾತ್ರಿ ಗೊರಗೊರ ಸದ್ದು, ಏದುಸಿರು, ನರಳಾಟ ಕೇಳಿಸುತ್ತೆ. ಎಬ್ಬಿಸಿದರೆ ಏಳೋದಿಲ್ಲ. ಕೆಲವೇ ನಿಮಿಷ, ಅಷ್ಟೇ. ಪೋಸ್ಟ್ ಮಾರ್ಟಂ ಮಾಡಿದರೆ ವಿಷ ಇಲ್ಲ, ಗಾಯ ಇಲ್ಲ, ಮುಚ್ಚಿದ ರಕ್ತನಾಳವೂ ಇಲ್ಲ. 1977ರಲ್ಲಿ ಶುರುವಾದ ಈ ಸಾವುಗಳು 1981ರಲ್ಲಿ ಉತ್ತುಂಗಕ್ಕೆ ಹೋದವು. ಆ ದಶಕ ಮುಗಿಯುವಷ್ಟರಲ್ಲಿ ಸತ್ತವರ ಸಂಖ್ಯೆ 100 ದಾಟಿತ್ತು. ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ. ಸರಾಸರಿ ವಯಸ್ಸು 33ರ ಆಸುಪಾಸು. ನನ್ನ ವಯಸ್ಸೂ ಅಲ್ಲೇ ಎಲ್ಲೋ ಇರೋದ್ರಿಂದ ಆ ಸಂಖ್ಯೆಯನ್ನ ನಾನು ಎರಡು ಸಲ ಓದಿದೆ.

ಸತ್ತವರಲ್ಲಿ ಬಹುತೇಕರು ಹ್ಮಾಂಗ್ ಜನ. ಲಾವೋಸ್ ದೇಶದ ಬೆಟ್ಟಗಳಲ್ಲಿ ಬೇಸಾಯ ಮಾಡಿಕೊಂಡಿದ್ದ ಸಮುದಾಯ. ಡಾಕ್ಟರುಗಳು ಮೈಕ್ರೋಸ್ಕೋಪ್ ಹಿಡಿದು ಕೂತಿದ್ದಾಗ ಹ್ಮಾಂಗ್ ಹಿರಿಯರಿಗೆ ಉತ್ತರ ಗೊತ್ತಿತ್ತು. ಅವರ ಪ್ರಕಾರ ಕೊಂದಿದ್ದು 'ದಾ ಚೋ'. ರಾತ್ರಿ ಬರುವ, ಮಲಗಿದವನ ಎದೆ ಮೇಲೆ ಕೂತು ಉಸಿರು ಹಿಂಡುವ ಒಂದು ಆತ್ಮ.

ಮೂಢನಂಬಿಕೆ ಅಂತ ನಗಬೇಡಿ. ಸ್ವಲ್ಪ ತಾಳಿ. ಈ ದಾ ಚೋ ಲಾವೋಸ್‌ಗೆ ಮಾತ್ರ ಸೇರಿದ್ದಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಹೋಗಿ, ಅಲ್ಲಿ ಎದೆ ಮೇಲೆ ಕೂರುವುದು 'ಓಲ್ಡ್ ಹ್ಯಾಗ್', ಒಬ್ಬಳು ಮುದಿ ಮಾಟಗಾತಿ. ಟರ್ಕಿಯಲ್ಲಿ 'ಕರಬಾಸನ್', ಕತ್ತಲಲ್ಲಿ ಬಂದು ಒತ್ತುವವನು. ಮೆಕ್ಸಿಕೋದಲ್ಲಿ 'ಸತ್ತವನು ನನ್ನ ಮೇಲೆ ಹತ್ತಿದ' ಅಂತಲೇ ಹೇಳ್ತಾರೆ. ಚೀನಾದಲ್ಲಿ 'ದೆವ್ವ ಹಾಸಿಗೆಗೆ ಒತ್ತಿತು'. ಜಪಾನ್‌ನಲ್ಲಿ 'ಕನಾಶಿಬರಿ', ಅಂದ್ರೆ ಲೋಹದಿಂದ ಬಿಗಿದ ಹಾಗೆ ಕಟ್ಟಿಹಾಕುವುದು. ಜರ್ಮನಿಯಲ್ಲಿ 'ಆಲ್ಪ್'. ಈ ಆಲ್ಪ್ ಯಾರು ಗೊತ್ತಾ? ಇಂಗ್ಲಿಷ್ ಸಿನಿಮಾಗಳಲ್ಲಿ ಮೊನಚು ಕಿವಿ ಇಟ್ಟುಕೊಂಡು ಓಡಾಡುವ ಎಲ್ಫ್‌ಗಳಿವೆಯಲ್ಲ, ಆ ಪದಕ್ಕೂ ಇದಕ್ಕೂ ಒಂದೇ ಬೇರು. ಇನ್ನು 'ನೈಟ್‌ಮೇರ್' ಅನ್ನೋ ಪದದಲ್ಲಿರುವ ಮೇರ್ ಹೆಣ್ಣು ಕುದುರೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಮಲಗಿದವರ ಎದೆ ಮೇಲೆ ಕೂರುವ ಪಿಶಾಚಿಯ ಹೆಸರೇ ಅದು. ಅಂದ್ರೆ ಮೊದಲು ಆ ಪದ ಪಿಶಾಚಿಯ ಕಾಟಕ್ಕೆ ಹೆಸರಾಗಿತ್ತು, ಕೆಟ್ಟ ಕನಸು ಅನ್ನೋ ಅರ್ಥ ಬಂದಿದ್ದು ಆಮೇಲೆ.

ನಮ್ಮಲ್ಲೂ 'ರಾತ್ರಿ ಯಾರೋ ಎದೆ ಮೇಲೆ ಕೂತಂಗಾಯ್ತು, ಕೂಗೋಕೆ ಹೋದ್ರೆ ಬಾಯಿ ಬರ್ಲಿಲ್ಲ' ಅನ್ನೋ ಮಾತು ಕೇಳದ ಮನೆ ಯಾವುದಿದೆ ಹೇಳಿ? ತಲೆದಿಂಬಿನ ಕೆಳಗೆ ಕಬ್ಬಿಣದ ಚೂರು ಇಟ್ಟು ಮಲಗಿದವರು ನಿಮ್ಮ ಮನೆಯಲ್ಲೂ ಇರಬಹುದು.

ಭಾಷೆ ಬೇರೆ, ದೇವರು ಬೇರೆ, ಸಮುದ್ರದಾಚೆ ಇರುವ ಜನ ಬೇರೆ. ಒಂದೇ ದೆವ್ವ ಎಲ್ಲ ಕಡೆ ಹೇಗೆ ಹೋಯಿತು?

ಈ ಪ್ರಶ್ನೆಯನ್ನ ಗಂಭೀರವಾಗಿ ಕೇಳಿದವರು ಡೇವಿಡ್ ಹಫರ್ಡ್ ಅನ್ನೋ ಅಮೆರಿಕದ ಜಾನಪದ ವಿದ್ವಾಂಸ. ಅವರಿಗೇ ವಿದ್ಯಾರ್ಥಿಯಾಗಿದ್ದಾಗ ಈ ಅನುಭವ ಆಗಿತ್ತು. ಆಮೇಲೆ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗಿ ನೋಡಿದರೆ ಅಲ್ಲಿನ ಮೀನುಗಾರರೂ ಅದನ್ನೇ ಹೇಳ್ತಿದ್ದಾರೆ! ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿದಾಗ ಸುಮಾರು ನೂರಕ್ಕೆ 23 ಜನ ನಮಗೂ ಆಗಿದೆ ಅಂದರು. 1982ರಲ್ಲಿ ಪುಸ್ತಕ ಬರೆದರು. ಅವರ ವಾದ ಇಷ್ಟೇ. ಮುದುಕಿಯ ಕಥೆಯನ್ನೇ ಕೇಳದವರೂ ಅದೇ ಅನುಭವ ಹೇಳ್ತಾರೆ. ಹಾಗಾಗಿ ಕಥೆ ಕೇಳಿ ಜನರಿಗೆ ಹೀಗಾಗುತ್ತಿಲ್ಲ. ಹೀಗಾಗಿದ್ದಕ್ಕೇ ಜನ ಕಥೆ ಕಟ್ಟಿದ್ದಾರೆ. ನನಗೆ ಈ ಮಾತು ತುಂಬಾ ಮುಖ್ಯ ಅನ್ಸುತ್ತೆ. 'ಅಜ್ಜಿ ಸುಳ್ಳು ಹೇಳಿದಳು' ಅಂತ ಎಷ್ಟು ಸುಲಭವಾಗಿ ಅಂದುಬಿಡ್ತೀವಿ ನಾವು. ಅಜ್ಜಿ ಸುಳ್ಳು ಹೇಳಿರಲಿಲ್ಲ. ತನಗೆ ಆದದ್ದನ್ನು ತನಗೆ ಗೊತ್ತಿದ್ದ ಹೆಸರಿನಲ್ಲಿ ಹೇಳಿದ್ದಳು.

ಹಾಗಾದ್ರೆ ಆಗಿದ್ದೇನು? ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ಮೆಷಿನ್ ಭಾಷೆಯಲ್ಲಿ ಹೇಳ್ತೀನಿ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು ಒಂದು ವಿಷಯ ಕಂಡುಹಿಡಿದರು. ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಪಟಪಟ ಓಡಾಡುತ್ತೆ. ಅದೇ ರೆಮ್ ನಿದ್ದೆ. ದಟ್ಟವಾದ ಕನಸು ಬೀಳುವುದು ಹೆಚ್ಚಾಗಿ ಈ ಹಂತದಲ್ಲೇ. ಆಗ ಮಿದುಳಿನ ಎಂಜಿನ್ ಫುಲ್ ಸ್ಪೀಡಲ್ಲಿ ಓಡ್ತಿರುತ್ತೆ, ಆದರೆ ಕ್ಲಚ್ ಒತ್ತಿರುತ್ತೆ. ಕೈಕಾಲಿನ ಸ್ನಾಯುಗಳಿಗೆ ಸಿಗ್ನಲ್ ಹೋಗೋದಿಲ್ಲ. ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಮಂಚದಿಂದ ಎದ್ದು ನಿಜವಾಗಿಯೂ ಓಡಿಬಿಡ್ತಿದ್ದ. ಇದೊಂದು ಸೇಫ್ಟಿ ಇಂಟರ್‌ಲಾಕ್. ಒಮ್ಮೊಮ್ಮೆ ಎಚ್ಚರ ಬಂದುಬಿಡುತ್ತೆ, ಆದರೆ ಕ್ಲಚ್ ಬಿಡೋದು ಕೆಲವು ಸೆಕೆಂಡು ತಡವಾಗುತ್ತೆ. ಕಣ್ಣು ಬಿಟ್ಟಿದೆ, ಕೋಣೆ ಕಾಣ್ತಿದೆ, ಫ್ಯಾನ್ ತಿರುಗ್ತಿದೆ. ಬೆರಳು ಅಲ್ಲಾಡ್ತಿಲ್ಲ. ಬೇಕೆಂದಾಗ ದೀರ್ಘ ಉಸಿರು ಎಳೆಯೋಕೆ ಆಗದೆ ಎದೆ ಭಾರ ಅನ್ಸುತ್ತೆ. ಮಿದುಳಿನ ಭಯದ ಕೇಂದ್ರ ಸೈರನ್ ಹೊಡೀತಿದೆ, ಕನಸಿನ ಪ್ರೊಜೆಕ್ಟರ್ ಇನ್ನೂ ಆಫ್ ಆಗಿಲ್ಲ. ಆ ಪ್ರೊಜೆಕ್ಟರ್ ಕೋಣೆಯ ಮೂಲೆಯಲ್ಲಿ ಒಂದು ಆಕೃತಿ ಮೂಡಿಸುತ್ತೆ. ಅದು ಹತ್ತಿರ ಬರುತ್ತೆ. ಹತ್ತಿ ಕೂರುತ್ತೆ.

ಇದಕ್ಕೆ ವೈದ್ಯರು ಇಟ್ಟ ಹೆಸರು ಸ್ಲೀಪ್ ಪ್ಯಾರಾಲಿಸಿಸ್, ನಿದ್ರಾ ಪಾರ್ಶ್ವವಾಯು ಅನ್ನಬಹುದು. ಬೇರೆಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಲೆಕ್ಕದಂತೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗುವುದು ಸುಮಾರು ನೂರಕ್ಕೆ 8 ಜನರಿಗೆ, ವಿದ್ಯಾರ್ಥಿಗಳಲ್ಲಿ 28 ಜನರಿಗೆ. ಪರೀಕ್ಷೆ, ಹಾಸ್ಟೆಲ್, ನಿದ್ದೆಗೇಡು, ಕಾರಣ ಹುಡುಕಬೇಕಾಗಿಲ್ಲ.

ಯುರೋಪಿನ ಕಲೆ, ಸಾಹಿತ್ಯ ಈ ಅತಿಥಿಯನ್ನು ಚೆನ್ನಾಗಿಯೇ ಬಳಸಿಕೊಂಡಿತು. ಸ್ವಿಟ್ಜರ್‌ಲ್ಯಾಂಡ್ ಮೂಲದ ಹೆನ್ರಿ ಫ್ಯೂಸೆಲಿ 1781ರಲ್ಲಿ ಬರೆದ 'ದಿ ನೈಟ್‌ಮೇರ್' ಚಿತ್ರ ನೋಡಿದ್ದೀರಾ? ಅಂಗಾತ ಮಲಗಿದ ಹೆಣ್ಣು, ಮಂಚದಿಂದ ಜೋತು ಬಿದ್ದ ಕೈ, ಹೊಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಕುಳ್ಳ ಪಿಶಾಚಿ. ಪರದೆಯ ಸಂದಿಯಿಂದ ಇಣುಕುವ ಬಿಳಿಗಣ್ಣಿನ ಕುದುರೆ ಬೇರೆ! ಮುಂದಿನ ವರ್ಷ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಂಡೆಯ ಮನೆಯಲ್ಲಿ 18 ವರ್ಷದ ಹುಡುಗಿ ಮೇರಿಗೆ ಅರೆನಿದ್ದೆಯಲ್ಲಿ ಕಂಡಿದ್ದು ಫ್ರಾಂಕನ್‌ಸ್ಟೈನ್‌ನ ಪ್ರಾಣಿ. ಅದೇ ಮನೆಯಲ್ಲಿದ್ದ ವೈದ್ಯ ಪೊಲಿಡೊರಿ ಮುಂದೆ ಇಂಗ್ಲಿಷಿನ ಮೊದಲ ರಕ್ತಪಿಪಾಸು ವ್ಯಾಂಪೈರ್ ಕಥೆ ಬರೆದ. ಅವನ ವೈದ್ಯಕೀಯ ಪ್ರಬಂಧದ ವಿಷಯ ಏನು ಗೊತ್ತಾ? ನಿದ್ದೆಯಲ್ಲಿ ನಡೆಯುವ ರೋಗ. ಇರ್ಲಿ, ಆ ಮನೆಯ ಕಥೆ ಎಲ್ಲರಿಗೂ ಗೊತ್ತಿರೋದೇ, ಬಿಟ್ಟುಬಿಡೋಣ. ನನಗೆ ಹೇಳಬೇಕಿರೋದು ಹ್ಮಾಂಗ್ ಜನರ ಕಥೆ.

ಇಲ್ಲೊಂದು ತೊಡಕಿದೆ. ಸ್ಲೀಪ್ ಪ್ಯಾರಾಲಿಸಿಸ್ ಯಾರನ್ನೂ ಕೊಲ್ಲುವುದಿಲ್ಲ. ಭಯಂಕರ ಅನ್ಸುತ್ತೆ, ಮುಗಿದುಹೋಗುತ್ತೆ. ಕೆನಡಾದ ಮೀನುಗಾರ ಬೆಳಿಗ್ಗೆ ಎದ್ದು ದೋಣಿ ಇಳಿಸ್ತಾನೆ. ಹಾಗಿರುವಾಗ ಹ್ಮಾಂಗ್ ಗಂಡಸರು ಯಾಕೆ ಸತ್ತರು? ಅದೂ ಅಮೆರಿಕಕ್ಕೆ ಬಂದ ಮೇಲೆ?

ಅವರು ಅಮೆರಿಕಕ್ಕೆ ಬಂದಿದ್ದು ಹೇಗೆ ಅನ್ನೋದನ್ನು ಮೊದಲು ಕೇಳಬೇಕು. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಪಕ್ಕದ ಲಾವೋಸ್‌ನಲ್ಲಿ ಅಮೆರಿಕ ಗುಟ್ಟಾಗಿ ಇನ್ನೊಂದು ಯುದ್ಧ ನಡೆಸಿತು. ಸಿಐಎ ಕಟ್ಟಿದ ಆ ಸೈನ್ಯದಲ್ಲಿ ಹೋರಾಡಿದ್ದು ಜನರಲ್ ವಾಂಗ್ ಪಾವ್ ನೇತೃತ್ವದ ಹ್ಮಾಂಗ್ ಹುಡುಗರು. 1964ರಿಂದ 1973ರವರೆಗೆ ಆ ಪುಟ್ಟ ದೇಶದ ಮೇಲೆ ಅಮೆರಿಕ ಸುರಿದ ಬಾಂಬು 20 ಲಕ್ಷ ಟನ್‌ಗೂ ಹೆಚ್ಚು. 1975ರಲ್ಲಿ ಕಮ್ಯುನಿಸ್ಟರು ಗೆದ್ದರು. ಅಮೆರಿಕ ಜಾಗ ಖಾಲಿ ಮಾಡಿತು. ಶತ್ರುವಿನ ಕಡೆ ಹೋರಾಡಿದ ಹ್ಮಾಂಗ್ ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ದಾಟುವಾಗ ಮಕ್ಕಳು, ಹೆಂಗಸರು ಸತ್ತರು. ಅಲ್ಲಿಂದ ವಿಮಾನ ಹತ್ತಿಸಿ ಮಿನ್ನೆಸೋಟದ ಹಿಮದಲ್ಲಿ, ಕ್ಯಾಲಿಫೋರ್ನಿಯಾದ ಅಪಾರ್ಟ್‌ಮೆಂಟುಗಳಲ್ಲಿ ಇಳಿಸಿದರು. ನಿರಾಶ್ರಿತರನ್ನು ಒಂದೇ ಕಡೆ ಇಡಬಾರದು, ದೇಶದ ತುಂಬ ಹರಡಬೇಕು ಅನ್ನೋದು ಆಗಿನ ಸರ್ಕಾರಿ ನೀತಿ. ಅಣ್ಣ ಒಂದು ರಾಜ್ಯ, ತಮ್ಮ ಇನ್ನೊಂದು ರಾಜ್ಯ.

ಶೆಲ್ಲಿ ಆಡ್ಲರ್ ಅನ್ನೋ ಸಂಶೋಧಕಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನಲ್ಲಿ 118 ಹ್ಮಾಂಗ್ ಜನರನ್ನು ಕೂರಿಸಿಕೊಂಡು ಮಾತಾಡಿಸಿದರು. ಅರ್ಧಕ್ಕಿಂತ ಹೆಚ್ಚು ಜನ ದಾ ಚೋ ನಮ್ಮ ಮೇಲೂ ಕೂತಿದೆ ಅಂದರು. ಊರಲ್ಲಿ ಹೀಗಾದರೆ ಏನು ಮಾಡ್ತಿದ್ದರು? ಪೂಜಾರಿಯನ್ನು ಕರೆಸಿ, ಹಿರಿಯರಿಗೆ ಎಡೆ ಇಟ್ಟು, ಕೋಳಿಯೋ ಹಂದಿಯೋ ಬಲಿ ಕೊಟ್ಟರೆ ಮುಗೀತು. ಮನೆಯ ಹಿರಿಯರ ಆತ್ಮಗಳೇ ಕಾಪಾಡ್ತವೆ ಅನ್ನೋ ಧೈರ್ಯ. ಅಮೆರಿಕದ ಬಾಡಿಗೆ ಮನೆಯಲ್ಲಿ ಹಂದಿ ಕಡಿಯೋಕೆ ಬಿಡ್ತಾರಾ? ಪೂಜಾರಿ ಇನ್ಯಾವುದೋ ನಗರದಲ್ಲಿ. ಕರೆಸಿಕೊಂಡ ಚರ್ಚಿನವರು ಬೇಜಾರಾಗಬಾರದು ಅಂತ ಎಷ್ಟೋ ಜನ ಮತವನ್ನೂ ಬದಲಿಸಿದ್ದರು. ಹಿರಿಯರಿಗೆ ಮಾಡಬೇಕಾದ ಕಾರ್ಯ ಮನೆಯ ಗಂಡಸಿನ ಹೊಣೆ. ಆ ಕಾರ್ಯ ನಿಂತುಹೋಯಿತು. ಅಂದರೆ ಆತನ ಮನಸ್ಸಿನಲ್ಲಿ, ಆ ರಾತ್ರಿ ದಾ ಚೋ ಬಂದರೆ ತಡೆಯೋಕೆ ಹಿಂದೆ ಯಾರೂ ಇಲ್ಲ. ಕೆಲಸ ಇಲ್ಲ, ಭಾಷೆ ಬರೋಲ್ಲ, ಹೆಂಡತಿ ಮಕ್ಕಳೆದುರು ಮರ್ಯಾದೆ ಇಲ್ಲ, ಕೊನೆಗೆ ಹಿರಿಯರೂ ಕೈಬಿಟ್ಟರು. ಆಡ್ಲರ್ ವಾದ ಏನಂದ್ರೆ, ಈ ಭಯದ ಭಾರವೇ ಮೊದಲೇ ದುರ್ಬಲವಾಗಿದ್ದ ಹೃದಯದ ಮೇಲೆ ಬಿತ್ತು.

ಹೃದಯ ದುರ್ಬಲವಾಗಿತ್ತಾ? ಹೌದು. ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು ಹಾಲಿವುಡ್‌ಗೆ ಹೋಗಿ ಬರೋಣ.

ವೆಸ್ ಕ್ರೇವನ್ ಅನ್ನೋ ನಿರ್ದೇಶಕ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಈ ಸಾವುಗಳ ಸುದ್ದಿ ಓದ್ತಿದ್ದರು. ಆಗ್ನೇಯ ಏಷ್ಯಾದ ನಿರಾಶ್ರಿತ ಕುಟುಂಬದ ಹುಡುಗನೊಬ್ಬ ಮಲಗಿದರೆ ಸಾಯ್ತೀನಿ ಅಂತ ದಿನಗಟ್ಟಲೆ ನಿದ್ದೆಗೆಟ್ಟಿದ್ದು, ಕಾಫಿ ಮಾಡುವ ಯಂತ್ರವನ್ನು ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದು, ಕೊನೆಗೆ ನಿದ್ದೆ ಹತ್ತಿದ ರಾತ್ರಿಯೇ ಕಿರುಚಿ ಸತ್ತಿದ್ದು, ಇದನ್ನೆಲ್ಲ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1984ರ ನವೆಂಬರ್‌ನಲ್ಲಿ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ತೆರೆಗೆ ಬಂತು. ಸುಟ್ಟ ಮುಖ, ಹಳೇ ಹ್ಯಾಟು, ಪಟ್ಟೆಪಟ್ಟೆ ಸ್ವೆಟರ್, ಬೆರಳಿಗೆ ಚಾಕು. ಫ್ರೆಡ್ಡಿ ಕ್ರೂಗರ್! ಕನಸಿನಲ್ಲಿ ಬಂದು ಕೊಲ್ಲುವವನು. ಜಾನಿ ಡೆಪ್‌ಗೆ ಅದು ಮೊದಲ ಸಿನಿಮಾ. ಸೋಲುವ ಸ್ಥಿತಿಯಲ್ಲಿದ್ದ ನ್ಯೂ ಲೈನ್ ಸಿನಿಮಾ ಕಂಪನಿಗೆ ಆಮೇಲೆ 'ಫ್ರೆಡ್ಡಿ ಕಟ್ಟಿದ ಮನೆ' ಅನ್ನೋ ಅಡ್ಡಹೆಸರೇ ಬಿತ್ತು. 90ರ ದಶಕದಲ್ಲಿ ರಾಮ್ಸೆ ಸಹೋದರರು 'ಮಹಾಕಾಲ್' ಅಂತ ಹಿಂದಿಗೂ ತಂದರು.

ಸಿನಿಮಾದ ನಾಯಕಿ ನ್ಯಾನ್ಸಿಯೂ ಕೋಣೆಯಲ್ಲಿ ಕಾಫಿ ಯಂತ್ರ ಬಚ್ಚಿಡ್ತಾಳೆ. ಆ ಹುಡುಗನ ಕಥೆಯಿಂದ ಉಳಿದಿದ್ದು ಅಷ್ಟೇ. ಲಾವೋಸ್ ಇಲ್ಲ, ಯುದ್ಧ ಇಲ್ಲ, ಹ್ಮಾಂಗ್ ಇಲ್ಲ. ಸಾಯುವವರೆಲ್ಲ ಅಮೆರಿಕದ ಮಧ್ಯಮ ವರ್ಗದ ಬಿಳಿ ಮಕ್ಕಳು. ನಾನು ಕ್ರೇವನ್‌ರನ್ನು ಬೈಯೋದಿಲ್ಲ, ಸಿನಿಮಾ ಅದ್ಭುತವಾಗಿದೆ, ಎಲ್ಲಿಂದ ಎತ್ತಿಕೊಂಡೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಆದರೆ ಜಗತ್ತಿನ ಅರ್ಧದಷ್ಟು ಹುಡುಗರಿಗೆ ಫ್ರೆಡ್ಡಿ ಗೊತ್ತು. ಸತ್ತ ನೂರು ಜನರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಕೆಂಪು ಲೈಟು, ನಾಯಿ ಊಳಿಡುವ ಸೌಂಡು ಹಾಕಿ ಪಾಳು ಬಂಗಲೆ ತೋರಿಸುವ ನಮ್ಮ ಟಿವಿ ಜಗತ್ತಿಗೂ ಇದು ಹೊಸದೇನಲ್ಲ. ದೆವ್ವಕ್ಕೆ ಟಿಆರ್‌ಪಿ ಇದೆ. ಆ ಬಂಗಲೆಯಲ್ಲಿ ಸತ್ತವನಿಗೆ ಇಲ್ಲ.

ಈಗ ಥಾಯ್ಲೆಂಡ್. 80ರ ದಶಕದಲ್ಲಿ ಸಿಂಗಾಪುರದ ಕಟ್ಟಡ ಕೆಲಸಕ್ಕೆ ಹೋದ 200ಕ್ಕೂ ಹೆಚ್ಚು ಥಾಯ್ ಕೂಲಿಕಾರರು ಇದೇ ರೀತಿ ನಿದ್ದೆಯಲ್ಲಿ ಸತ್ತರು. ಅಲ್ಲೂ ಗಟ್ಟಿಮುಟ್ಟಾದ ಗಂಡಸರೇ, ಅಲ್ಲೂ ಮನೆಯಿಂದ ದೂರ. 1990ರಲ್ಲಿ ಈಶಾನ್ಯ ಥಾಯ್ಲೆಂಡಿನ ಹಳ್ಳಿಗಳಲ್ಲಿ ಸುದ್ದಿ ಹಬ್ಬಿತು: ವಿಧವೆ ದೆವ್ವ ಗಂಡಸರನ್ನು ಹುಡುಕಿಕೊಂಡು ಬರ್ತಿದೆ. ಗಂಡಸರು ರಾತ್ರಿ ಉಗುರಿಗೆ ಕೆಂಪು ಬಣ್ಣ ಹಚ್ಚಿ ಮಲಗಿದರು, ಹೆಂಗಸು ಅಂತ ದೆವ್ವ ಮೋಸ ಹೋಗಲಿ ಅಂತ. ಮನೆ ಬಾಗಿಲಿಗೆ ಮರದ ಲಿಂಗಾಕೃತಿ ತೂಗುಹಾಕಿದರು. ಸರಿಸುಮಾರು ಅದೇ ದಶಕದಲ್ಲಿ ಬೆಂಗಳೂರು ಸೇರಿದಂತೆ ನಮ್ಮ ಎಷ್ಟೋ ಊರುಗಳ ಬಾಗಿಲುಗಳ ಮೇಲೆ ಏನು ಬರೆದಿತ್ತು ನೆನಪಿದೆಯಾ? 'ನಾಳೆ ಬಾ'. ಮನೆಯವರ ದನಿಯಲ್ಲಿ ಕರೆದು ಬಾಗಿಲು ತೆಗೆಸುವ ಹೆಣ್ಣು ದೆವ್ವ, ದಿನಾ ಬಂದು ಓದಿಕೊಂಡು ವಾಪಸ್ ಹೋಗ್ತಿತ್ತಂತೆ. ನಮ್ಮ ದೆವ್ವಕ್ಕೆ ಕನ್ನಡ ಓದೋಕಾದ್ರೂ ಬರ್ತಿತ್ತು, ಅದೊಂದು ಸಮಾಧಾನ. ನಮ್ಮಲ್ಲಿ ಅದೊಂದು ತಮಾಷೆಯಾಗಿ ಉಳಿಯಿತು, 2018ರಲ್ಲಿ 'ಸ್ತ್ರೀ' ಅಂತ ಹಿಂದಿ ಸಿನಿಮಾವೂ ಆಯಿತು. ಥಾಯ್ ಹಳ್ಳಿಯವರಿಗೆ ಮಾತ್ರ ತಮಾಷೆಯಾಗಿರಲಿಲ್ಲ. ಅಲ್ಲಿ ನಿಜವಾದ ಶವಗಳು ಬರ್ತಿದ್ದವು.

1992ರಲ್ಲಿ ಸ್ಪೇನ್ ಮೂಲದ ಇಬ್ಬರು ಸಹೋದರರು, ಪೆದ್ರೊ ಮತ್ತು ಜೋಸೆಪ್ ಬ್ರುಗಾಡಾ, ಎಂಟು ರೋಗಿಗಳ ವಿವರ ಪ್ರಕಟಿಸಿದರು. ಹೃದಯದ ರಚನೆ ಸರಿಯಾಗಿದೆ, ಪಂಪ್ ಸರಿ ಇದೆ, ಪೈಪ್ ಸರಿ ಇದೆ. ಹಾಳಾಗಿರೋದು ವೈರಿಂಗ್! ಇಸಿಜಿಯಲ್ಲಿ ಒಂದು ವಿಶಿಷ್ಟ ಗೀಟು ಕಾಣುತ್ತೆ. ಹೃದಯದ ಜೀವಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ಬಿಡುವ ಸಣ್ಣ ಗೇಟುಗಳಿರುತ್ತವೆ. ಅವು ತೆರೆದು ಮುಚ್ಚುವುದರಿಂದಲೇ ಪ್ರತಿ ಬಡಿತದ ಕರೆಂಟ್ ಹರಿಯುತ್ತೆ. 1998ರಲ್ಲಿ ಆ ಗೇಟಿನ ಜೀನ್‌ನಲ್ಲಿ ದೋಷ ಸಿಕ್ಕಿತು. ದೋಷ ಇದ್ದವರಿಗೆ ವಿಶ್ರಾಂತಿಯ ಹೊತ್ತಿನಲ್ಲಿ, ಅದರಲ್ಲೂ ನಿದ್ದೆಯಲ್ಲಿ, ಹೃದಯ ಬಡಿಯುವುದು ಬಿಟ್ಟು ಬರೀ ನಡುಗಲು ಶುರು ಮಾಡಬಹುದು. ರಕ್ತ ಮುಂದೆ ಹೋಗೋದಿಲ್ಲ. ಗೊರಗೊರ ಸದ್ದು, ಏದುಸಿರು, ಸಾವು. ಥಾಯ್ಲೆಂಡಿನಲ್ಲಿ 'ಲಾಯ್ ತಾಯ್', ಫಿಲಿಪೀನ್ಸ್‌ನಲ್ಲಿ 'ಬಾಂಗುಂಗೊಟ್', ಜಪಾನ್‌ನಲ್ಲಿ 'ಪೊಕ್ಕುರಿ' ಅಂತ ಕರೆಯುತ್ತಿದ್ದ ಹಠಾತ್ ಸಾವುಗಳ ಹಿಂದೆ ಬಹುಪಾಲು ಇದೇ ದೋಷ ಇದೆ ಅಂತ 2002ರ ಹೊತ್ತಿಗೆ ವಿಜ್ಞಾನಿಗಳು ಹೇಳಿದರು. ಆಗ್ನೇಯ ಏಷ್ಯಾದ ಗಂಡಸರಲ್ಲಿ ಇದು ಹೆಚ್ಚು.

ಗಮನಿಸಿ, ಇದು ಸ್ಲೀಪ್ ಪ್ಯಾರಾಲಿಸಿಸ್ ಅಲ್ಲ. ಎರಡೂ ಬೇರೆಬೇರೆ. ಒಂದರಲ್ಲಿ ಎದೆ ಮೇಲೆ ಯಾರೋ ಕೂತಂತೆ ಅನ್ಸುತ್ತೆ, ಇನ್ನೊಂದರಲ್ಲಿ ಎದೆಯೊಳಗೆ ಕರೆಂಟ್ ಹೋಗುತ್ತೆ. ಹ್ಮಾಂಗ್ ಜನರು ಎರಡನ್ನೂ ಕಂಡಿದ್ದರು, ಎರಡಕ್ಕೂ ಒಂದೇ ಹೆಸರಿಟ್ಟಿದ್ದರು. ಅದರಲ್ಲಿ ಅವರ ತಪ್ಪೇನಿದೆ? ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಹೆಸರಿಡೋಕೇ ಹದಿನೈದು ವರ್ಷ ಬೇಕಾಯಿತು.

2003ರಲ್ಲಿ ಥಾಯ್ಲೆಂಡಿನ ಒಂದು ಪ್ರಯೋಗದ ಫಲಿತಾಂಶ ಬಂತು. ಇಂಥ ರೋಗಿಗಳಲ್ಲಿ ಕೆಲವರಿಗೆ ಮಾತ್ರೆ ಕೊಟ್ಟರು, ಕೆಲವರ ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ಇಟ್ಟರು. ಹೃದಯ ನಡುಗಲು ಶುರುವಾದ ತಕ್ಷಣ ಅದೇ ಪತ್ತೆಹಚ್ಚಿ ಶಾಕ್ ಕೊಡುತ್ತೆ. ಮಾತ್ರೆ ತಗೊಂಡವರಲ್ಲಿ ಸಾವುಗಳಾದವು. ಪೆಟ್ಟಿಗೆ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನಿಮಗೂ ರಾತ್ರಿ ಎದೆ ಮೇಲೆ ಯಾರೋ ಕೂರ್ತಾರಾ? ಹೆದರಬೇಡಿ. ಅಂಗಾತ ಮಲಗುವುದು ಬಿಟ್ಟು ಮಗ್ಗುಲಾಗಿ ಮಲಗಿ, ನಿದ್ದೆಗೆಡಬೇಡಿ. ಆ ಕ್ಷಣದಲ್ಲಿ ಕೂಗೋಕೆ ಒದ್ದಾಡುವ ಬದಲು ಒಂದು ಕಿರುಬೆರಳು ಅಲ್ಲಾಡಿಸೋಕೆ ಪ್ರಯತ್ನಿಸಿ. ಬೆಳಗಿನ ಬುಲೆಟಿನ್‌ಗೆ ಮೂರು ಗಂಟೆಗೆ ಏಳುವ ನಮ್ಮ ನ್ಯೂಸ್ ರೂಮಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮದ್ದು. ಆದರೆ ನಿಮ್ಮ ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಯಾರಾದರೂ ಮಲಗಿದಲ್ಲೇ ಹೋಗಿದ್ದರೆ, ಅಥವಾ ಜ್ವರದ ಹೊತ್ತಿನಲ್ಲಿ ಕಾರಣವಿಲ್ಲದೆ ಎಚ್ಚರ ತಪ್ಪಿ ಬಿದ್ದಿದ್ದರೆ, ಹೃದಯದ ಡಾಕ್ಟರ ಹತ್ತಿರ ಹೋಗಿ ಅದನ್ನು ಬಾಯಿಬಿಟ್ಟು ಹೇಳಿ, ಒಂದು ಇಸಿಜಿ ಮಾಡಿಸಿ. ಹತ್ತು ನಿಮಿಷದ ಕೆಲಸ.